ಗಂಡನೆಂಬ ಟಿಕೆಟ್ಟು

ವಿನೋದಿನಿ: ಕಾರ್ಡ್ ತಂದಿದ್ದೀರೋ ಇಲ್ವೋ, ಅಷ್ಟು ಹೇಳಿ.

ನಾನು: ಮಾಸ್ಕ್ ಮರೆತರೂ ಕಾರ್ಡ್ ಮರೀತೀನಾ?

ವಿನೋದಿನಿ: ಅಯ್ಯೋ, ಮಾಸ್ಕ್ ಮರೆತ್ರಾ?

ನಾನು: ಮಾತಿಗೆ ಹೇಳ್ದೆ ಕಣೇ. ಮುಖದ ಮೇಲೇ ಇದೆ ನೋಡು.

ವಿನೋದಿನಿ: ಅದು ಗದ್ದದ ಮೇಲಿದೆ. ಏರಿಸಿ.

ಪರದೇಶದಲ್ಲಿ ನಮ್ಮ ಊರಾದ ಆಡಮ್ಸ್‌ಟೌನಿನ ಬಸ್ ಸ್ಟಾಪು. ಎರಡನೇ ಲಾಕ್‌ಡೌನಿನ ನವೆಂಬರ್, ಬೆಳಿಗ್ಗೆ ಏಳೂಕಾಲು. ಹೇಮಚಂದ್ರನೆಂಬ ನನಗೆ ಅರವತ್ತಾರು ತುಂಬಿದ್ದಕ್ಕೆ ಸರ್ಕಾರ ಬಸ್ಸಿನ ಫ್ರೀ ಕಾರ್ಡ್ ಕೊಟ್ಟಿದೆ. ನನ್ನ ಜೊತೆಗಿದ್ದರೆ ಹೆಂಡತಿಗೂ ಫ್ರೀ. ಲೆಕ್ಕ ಬರೆಯುತ್ತಿದ್ದ ಹೋಟೆಲು ಮುಚ್ಚಿದ ಮೇಲೆ, ವಿನೋದಿನಿಯನ್ನು ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಬಿಟ್ಟು ಬರುವುದೇ ನನ್ನ ಉದ್ಯೋಗ. ಇದೂ ತಪ್ಪಿದರೆ ಮನೆಯಲ್ಲಿ ನಾನಿರುವುದು ಸೋಫಾಗೆ ಮಾತ್ರ ಗೊತ್ತಾಗುತ್ತದೆ ಎಂಬ ಹೆದರಿಕೆ ನನಗೆ.

ನಾನು: ಅಲ್ಲಿ ಬೋರ್ಡ್ ನೋಡಿದ್ಯಾ? ಪೀಕ್ ಅವರ್‌ನಲ್ಲಿ ತೀರಾ ಅಗತ್ಯ ಇದ್ದೋರು ಮಾತ್ರ ಹತ್ಬೇಕಂತೆ.

ವಿನೋದಿನಿ: ನಂಗೆ ಅಗತ್ಯ ಇದೆಯಲ್ಲ.

ನಾನು: ಮತ್ತೆ ನಾನು ಯಾರು?

ವಿನೋದಿನಿ: ನೀವು ನನ್ನ ಟಿಕೆಟ್ಟು.

ನಾನು: ಪೀಕ್ ಅವರ್ ಅಂದ್ರೆ ದುಡ್ಡು ಪೀಕೋ ಅವರ್. ಫ್ರೀ ಕಾರ್ಡಿನೋರ ಹತ್ರ ಏನು ಪೀಕ್ತಾರೆ?

ವಿನೋದಿನಿ: ಈ ಜೋಕು ಈ ವಾರದಲ್ಲೇ ನಾಲ್ಕನೇ ಸಲ.

ಬಸ್ಸು ಬಂತು. ಸೀಟು ಬಿಟ್ಟು ಸೀಟು ಕೂರಿಸುವ ಕಾಲ. ಡ್ರೈವರ್ ಒಳಗಿನ ತಲೆಗಳನ್ನು ಎಣಿಸಿ ಒಂದು ಬೆರಳೆತ್ತಿದ.

ಡ್ರೈವರ್: ಸಾರಿ ನೌ. ಜಸ್ಟ್ ಒನ್ ಮೋರ್.

ನಾನು: ವಿ ಆರ್ ಒನ್ ಕಾರ್ಡ್!

ಡ್ರೈವರ್: ಒನ್ ಕಾರ್ಡ್, ಟೂ ಸೀಟ್ಸ್. ವಿಚ್ ಆಫ್ ಯೂ ಈಸ್ ಎಸೆನ್ಶಿಯಲ್?

ಮೂವತ್ತು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಯನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಇಬ್ಬರ ಬೆರಳೂ ಅವಳ ಕಡೆಗೇ ತಿರುಗಿದವು.

ನಾನು: ಹತ್ತು ಹತ್ತು, ಲೇಟಾಗುತ್ತೆ. ತಡಿ, ಟಿಕೆಟ್ಟಿಗೆ ಚಿಲ್ಲರೆ ಹುಡುಕ್ತೀನಿ.

ಜೇಬಿನಲ್ಲಿ ಸಿಕ್ಕಿದ್ದು ಸ್ಯಾನಿಟೈಸರ್ ಒಂದೇ. ಅಷ್ಟರಲ್ಲಿ ಅವಳು ಪರ್ಸಿನಿಂದ ಏನನ್ನೋ ತೆಗೆದು ಮಿಷನ್ನಿಗೆ ಮುಟ್ಟಿಸಿದಳು. ಬೀಪ್ ಎಂದಿತು.

ನಾನು: ಏನದು?

ವಿನೋದಿನಿ: ನನ್ನ ಬಸ್ ಕಾರ್ಡು. ದುಡ್ಡು ತುಂಬ್ಸಿಟ್ಟಿದ್ದೀನಿ.

ನಾನು: ಯಾವಾಗಿಂದ?

ವಿನೋದಿನಿ: ಮೊದಲಿಂದಾನೂ.

ನಾನು: ಹಾಗಾದ್ರೆ ನನ್ನ ದಿನಾ ಕತ್ತಲಲ್ಲಿ ಎಬ್ಬಿಸಿ ಕರ್ಕೊಂಡು ಹೋಗಿದ್ದು... ನಾನಿಲ್ದೆ ಬೇಜಾರಾಗುತ್ತೆ ಅಂತಾನಾ?

ಖುಷಿಗೆ ಮಾಸ್ಕನ್ನು ಮತ್ತೆ ಗದ್ದಕ್ಕಿಳಿಸಿದೆ.

ವಿನೋದಿನಿ: ಮನೇಲಿ ಬಿಟ್ಟು ಬಂದ್ರೆ ನಿಮಿಷಕ್ಕೊಂದು ಫೋನ್ ಮಾಡ್ತೀರ ಕಣ್ರೀ. ಕೈ ತೊಳ್ಕೊಂಡ್ಯಾ, ಗ್ಲೌಸ್ ಹಾಕ್ಕೊಂಡ್ಯಾ, ಪಕ್ಕದೋರು ಕೆಮ್ಮಿದ್ರಾ... ಬಸ್ಸಲ್ಲಾದ್ರೆ ದೂರ ಕೂರಿಸ್ತಾರೆ, ಮುಕ್ಕಾಲು ಗಂಟೆ ಬಾಯಿ ಮುಚ್ಕೊಂಡಿರ್ತೀರ. ಅಷ್ಟು ನೆಮ್ಮದಿ ನಂಗೆ ಇನ್ನೆಲ್ಲಿ ಸಿಗುತ್ತೆ?

ಡ್ರೈವರ್: ಆಲ್ ಗ್ರ್ಯಾಂಡ್?

ವಿನೋದಿನಿ: ಗ್ರ್ಯಾಂಡ್, ಗ್ರ್ಯಾಂಡ್!

ಎಲ್ಲ ಸರಿ ಎನ್ನಲು ಇಲ್ಲಿಯವರ ಮಾತು ಗ್ರ್ಯಾಂಡ್. ಬಾಗಿಲು ಮುಚ್ಚಿತು. ಇನ್ನು ಇವಳ ಜೊತೆ ಮಾತೇ ಆಡಬಾರದೆಂದು ಅಲ್ಲೇ ನಿಂತು ಶಪಥ ಮಾಡಿದೆ. ಬಸ್ಸು ತಿರುವು ದಾಟುವವರೆಗೂ ಶಪಥ ಗಟ್ಟಿಯಾಗಿಯೇ ಇತ್ತು. ಆಮೇಲೆ ಫೋನ್ ತೆಗೆದೆ.

ನಾನು: ಹಲೋ, ಸೀಟು ಒರೆಸಿ ಕೂತ್ಯಾ?