ಲೈನ್ ಎಂದರೆ ಹಗ್ಗ!

ನಮ್ಮ ಉರಿಗಾಂ ಬೀದಿಯವರಿಗೆ ಇಂಗ್ಲಿಷ್ ಪದಗಳ ಮೂಲಾರ್ಥ ಕಲಿಸಿಯೇ ತೀರುತ್ತೇನೆಂದು ಆ ಭಾನುವಾರ ಬೆಳಿಗ್ಗೆ ಪಣ ತೊಟ್ಟೆ! ಬಂಗಾರಪೇಟೆಯ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಮೇಷ್ಟ್ರು ನಾನು. ನಾನಲ್ಲದೆ ಇನ್ಯಾರು?

ಮೊದಲ ಶಿಷ್ಯೆ ಹೆಂಡತಿ ಶಶಿರೇಖ. "ರೀ, ಬಟ್ಟೆ ಒಣಗಾಕೋಕೆ ಅಗ್ಗ ಕಟ್ಟಿ" ಎಂದಳು.

"ಲೈನ್ ಅಂತ ಹೇಳು! ಲ್ಯಾಟಿನ್ನಿನಲ್ಲಿ ಅಗಸೆ ನಾರಿನ ದಾರಕ್ಕೆ ಲೀನಿಯ ಅಂತಿದ್ರು. ಅದೇ ಇಂಗ್ಲಿಷಿಗೆ ಬಂದು ಲೈನ್ ಆಯ್ತು. ಮೊದಲ ಅರ್ಥವೇ ಹಗ್ಗ! ರೈಲ್ವೆ ಲೈನು, ಕರೆಂಟ್ ಲೈನು, ಚಿನ್ನದ ಗಣಿ ಕೆಲಸಗಾರರ ಮನೆಗಳ ಲೈನು, ಹುಡುಗರು ಹೊಡೆಯೋ ಲೈನು, ಎಲ್ಲಾ ಅದರ ಮರಿಮಕ್ಕಳು!"

"ಗಂಟು ಬಿಗಿಯಾಗಿ ಆಕಿ."

ಹಾಕಲಿಲ್ಲ. ಹತ್ತೇ ನಿಮಿಷದಲ್ಲಿ ಆರು ಸೀರೆ, ನನ್ನ ಲುಂಗಿ ಸಮೇತ ಹಗ್ಗ ಬೀದಿಗೆ ಬಿತ್ತು. ಜನ ಬಟ್ಟೆ ತುಳಿದಾರೆಂದು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ: "ನಮ್ಮ ಮನೆ ಮುಂದೆ ಲೈನ್ ಬಿದ್ದಿದೆ. ಯಾರೂ ತುಳಿಯಬೇಡಿ!"

ಹಗ್ಗ ಎಂದೇ ಬರೆಯಬಹುದಿತ್ತು. ಪಾಂಡಿತ್ಯ ಬಿಡಬೇಕಲ್ಲ!

ಇಡೀ ಬೀದಿಯ ಕರೆಂಟ್ ಹೋಯಿತು. ಕರೆಂಟ್ ಲೈನೇ ಬಿದ್ದಿದೆಯೆಂದು ಯಾರೋ ಲೈನ್‌ಮನ್ ಮುನಿರಾಜುವಿಗೆ ಫೋನ್ ಮಾಡಿ ಕರೆಂಟ್ ತೆಗೆಸಿದ್ದರು! ಸೀರೆ ಎತ್ತಲು ಬಗ್ಗಿದ ಶಶಿರೇಖಳನ್ನು ಎದುರುಮನೆ ಸುಬ್ರಮಣಿ, "ಅಕ್ಕಾ, ಮುಟ್ಬೇಡಿ! ಸತ್ತೋಗ್ತೀರಾ!" ಎಂದು ಕಿರುಚಿ ತಡೆದ. ಓಡಿಬಂದ ಮುನಿರಾಜು ರಬ್ಬರ್ ಗ್ಲೌಸ್ ತೊಟ್ಟು, ಬಿದಿರುಕೋಲಿನಿಂದ ನನ್ನ ಲುಂಗಿಯನ್ನು ಮೆಲ್ಲಗೆ ಮೇಲೆತ್ತಿದ.

"ಸಾರ್, ಲೈನ್ ಎಲ್ಲಿ?"

"ನಿನ್ನ ಕೋಲಿಗೆ ಸುತ್ತಿಕೊಂಡಿದೆಯಲ್ಲ, ಅದೇ ಕಣಪ್ಪ. ಲ್ಯಾಟಿನ್ನಿನಲ್ಲಿ..."

"ಅಯ್ಯೋ ಸಾಮಿ! ಅಗ್ಗ ಅಂತ ಏಳ್ಬಾರ್ದಾ? ಎಲ್ಲಾ ಚೆಕ್ ಮಾಡಿ ಆನ್ ಮಾಡೋಕೆ ಇನ್ನೊಂದು ಗಂಟೆ ಆಯ್ತದೆ!"

ಅಷ್ಟರಲ್ಲಿ ಪಕ್ಕದ ಮನೆಯ ಇಂದ್ರಾಣಮ್ಮ ಬಂದರು. ಹಿಟ್ಟು ರುಬ್ಬಿ ಮಾರುವುದೇ ಅವರ ಜೀವನ. ಅಂದು ಯಾರದೋ ನಾಮಕರಣಕ್ಕೆ ಇನ್ನೂರು ವಡೆಯ ಹಿಟ್ಟು ಒಪ್ಪಿಕೊಂಡಿದ್ದರು. ಉದ್ದು ಗ್ರೈಂಡರಿನಲ್ಲಿ ಅರ್ಧಕ್ಕೇ ನಿಂತಿತ್ತು. ಅವರ ಕಣ್ಣಲ್ಲಿ ನೀರು ಕಂಡು ಲ್ಯಾಟಿನ್ ಬಿಟ್ಟು, "ನಾನೇನು ಮಾಡ್ಲಿ ಹೇಳಿ" ಎಂದೆ.

"ಬನ್ನಿ ಮೇಷ್ಟ್ರೇ, ಒರಳುಕಲ್ಲು ಐತೆ" ಎಂದು ನನ್ನನ್ನು ಕರೆದೊಯ್ದು ಅದರ ಮುಂದೆ ಕೂರಿಸಿದರು.

ಅರ್ಧ ಗಂಟೆಗೆ ತೋಳು ಕಳಚಿ ಬೀಳುವಂತಾಯಿತು. "ಸಾಕು ಬಿಡಿ ಇಂದ್ರಾಣಮ್ಮ" ಎಂದು ಗೋಗರೆದೆ.

ಮಣ್ಣಾದ ಸೀರೆಗಳನ್ನು ಮತ್ತೆ ಒಗೆಯುತ್ತಿದ್ದ ಶಶಿರೇಖ ನಮ್ಮ ಮನೆಯಂಗಳದಿಂದಲೇ ಕೂಗಿದಳು:

"ರೀ, ರುಬ್ಬೋದು ಅನ್ನೋದಕ್ಕೂ ಎರಡರ್ಥ ಐತೆ! ಒಂದು, ನೀವೀಗ ಮಾಡ್ತಿರೋದು. ನಿಲ್ಸಿ ನೋಡಿ, ಎರಡನೇದು ನಾವಿಬ್ರೂ ಸೇರಿ ಕಲಿಸ್ತೀವಿ!"