ಬಲದ ಗಾಲಿ ಹೊರಗೆ, ಎಡದ ಗಾಲಿ ಒಳಗೆ

ಭಾಲ್ಕಿಯ ಗಣಿತದ ಮಾಸ್ತರ ಅಶೋಕಕುಮಾರರ ಮನೆಯಲ್ಲಿ ಆ ಭಾನುವಾರ ಬೆಳಿಗ್ಗೆ ಚಪಾತಿ ಆಗಲಿಲ್ಲ. ಹಿಟ್ಟು ನಾದುವ ಪರಾತ ಮಾಸ್ತರರ ತೊಡೆಯ ಮೇಲಿತ್ತು, ಲಟ್ಟಣಿಗೆ ಅದರ ಬಾಯಿಗೆ ಅಡ್ಡವಾಗಿತ್ತು.

"ನೋಡು ಸುಜಾತಾ, ಇದು ಗಾಲಿ ಅಂತ ತಿಳಕೋ. ಬೋಲ್ಟು ಕೂಡೋದು ಈ ತಳಕ್ಕ. ಲಟ್ಟಣಗಿಯಿಂದ ತಳದ ತನಕ ಟೇಪು ಬಿಟ್ಟು ಅಳತಿ ಮಾಡಿದ್ರ ಬ್ಯಾಕ್‌ಸ್ಪೇಸಿಂಗ್. ಅದು ಕಮ್ಮಿ ಆದ್ರ ಗಾಲಿ ಹೊರಗ ಚಾಚ್ತದ, ಜಾಸ್ತಿ ಆದ್ರ ಒಳಗ ಸರೀತದ. ಗಾಲಿ ನಟ್ಟನಡುವಿನಿಂದ ಈ ತಳ ಎಷ್ಟು ಆಚೀಚಿ ಅದ ಅನ್ನೋದೇ ಆಫ್‌ಸೆಟ್."

"ನನಗ ಒಂದೇ ತಿಳೀತದರಿ," ಎಂದಳು ಹೆಂಡತಿ. "ಇವತ್ತಿನ ಓಟದಾಗೂ ಕಡೀಗಿ ಬಂದ್ರ ಗಾಡಿ ಗುಜರಿಗಿ. ಪರಾತ ಕೊಡ್ರಿ."

ಗಾಡಿ ಎಂದರೆ ಅಪ್ಪ ಬಿಟ್ಟುಹೋದ ಹಳೆಯ ಕೆಂಪು ಕಾರು. ಮಾಸ್ತರರು ಸ್ಟೇರಿಂಗ್ ಹಿಡಿಯಲು ಕಲಿತದ್ದು ಅದರಲ್ಲೇ, ಅಪ್ಪನ ಬೈಗುಳ ತಿನ್ನುತ್ತಾ. ಅದು ಗುಜರಿಗೆ ಹೋದರೆ ಅಪ್ಪ ಎರಡನೆಯ ಸಲ ಹೋದ ಹಾಗೆ ಎಂದು ಅವರಿಗೆ ಅನ್ನಿಸುತ್ತಿತ್ತು. ಹೆಂಡತಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಕಮಠಾಣದ ಹೊಲದಲ್ಲಿ ಎರಡು ವರ್ಷ ಕಾರುಗಳ ಮಣ್ಣಿನ ಓಟಕ್ಕೆ ಇಳಿದು ಎರಡು ಸಲವೂ ಕಡೆಯವರಾಗಿದ್ದರು. ಅಲ್ಲಿ ಗಾಡಿಗಳು ಸುತ್ತುವುದು ಎಡಕ್ಕೆ. ಭಾರವೆಲ್ಲ ಬಲಕ್ಕೆ ವಾಲಿ ಕಾರು ಟ್ರ್ಯಾಕಿನಿಂದ ಆಚೆ ಜಾರುತ್ತಿತ್ತು. ಆರು ತಿಂಗಳು ತಲೆ ಕೆಡಿಸಿಕೊಂಡು ಮಾಸ್ತರರು ಉತ್ತರ ಕಂಡುಕೊಂಡರು: ಬಲದ ಗಾಲಿಗಳು ಹೊರಗೆ, ಎಡದವು ಒಳಗೆ. ಪಕ್ಕದ ಮನೆಯ ಬದ್ರೋದ್ದೀನ ಪಂಚರ್ ಅಂಗಡಿಯವನು. ಬೀದರಿನ ಗಲ್ಲಿಗಲ್ಲಿ ತಿರುಗಿ ಅಂಥ ಗಾಲಿಗಳನ್ನು ಹುಡುಕಿ ತಂದವನು ಅವನೇ.

ಈ ವರ್ಷದ ಓಟ ಔರಾದ ಕಡೆಯ ಚಿಂತಾಕಿಯಲ್ಲಿ. ಮೂವರೂ ಕಾರು ಹತ್ತಿದರು. ಒಂದು ಬದಿಯ ಗಾಲಿಗಳು ಗೇಣು ಹೊರಗೆ ಬಂದಿದ್ದ ಗಾಡಿಯನ್ನು ಕಂಡ ಯಾರಿಗೂ ಸುಮ್ಮನಿರಲು ಆಗಲಿಲ್ಲ.

"ಏ ಸಾಹೇಬ್ರ, ಗಾಲಿ ಕಳಚಲತ್ತದ ನೋಡ್ರಿ!"

ನಾಲ್ಕು ಕಡೆ ಜನ ಅಡ್ಡ ನಿಂತು ಗಾಡಿ ನಿಲ್ಲಿಸಿದರು. ನಾಲ್ಕು ಕಡೆಯೂ ಮಾಸ್ತರರು ಇಳಿದು ಬ್ಯಾಕ್‌ಸ್ಪೇಸಿಂಗ್ ಹೇಳಿಕೊಟ್ಟರು. ಐದನೆಯ ಕಡೆ ಒಬ್ಬ ಹಿರಿಯ ಏನನ್ನೂ ಕೇಳದೆ ಬಲದ ಗಾಲಿಗೆ ಎರಡು ಒದೆ ಕೊಟ್ಟು, "ಈಗ ಬರಾಬ್ಬರ ಆತು, ಹೋಗ್ರಿ," ಎಂದ.

ಚಿಂತಾಕಿಯಲ್ಲಿ ಕಟಾವಾದ ಹೊಲ, ಸುತ್ತ ಜನ. ನಡುವೆ ಕುರಿಗಾಹಿಗಳು ಪೂಜಿಸುವ ಬೀರದೇವರ ಕಲ್ಲು, ಅದಕ್ಕೆ ಬಳಿದ ಹೊಸ ಸುಣ್ಣ. ಹೊಲದ ಯಜಮಾನ ಗೋರಖನಾಥ ಮೈಕು ಹಿಡಿದ.

"ಡ್ರೈವರ್ ಮಂದಿ ಕೇಳ್ರಿ. ನಡುವ ದೇವ್ರು ಕುಂತಾನ. ಎಲ್ಲಾರೂ ಪ್ರದಕ್ಷಿಣಿ ಹಾಕ್ದಂಗ ಬಲಕ್ಕ ಸುತ್ತಬೇಕು. ಎಡಕ್ಕ ಸುತ್ತೋದು ಹೆಣದ ಸುತ್ತ!"

ಮಾಸ್ತರರು ಹೆಂಟೆಯ ಮೇಲೆ ಕುಸಿದು ಕುಳಿತರು. ಜಗತ್ತಿನ ಎಲ್ಲ ಮಣ್ಣಿನ ಓಟಗಳ ವೀಡಿಯೋ ನೋಡಿದ್ದರು. ನಡುವೆ ದೇವರಿದ್ದರೆ ಏನು ಗತಿ ಎಂದು ಒಂದರಲ್ಲೂ ಇರಲಿಲ್ಲ. ಐವತ್ತರ ಹತ್ತಿರದ ಮನುಷ್ಯನ ಕಣ್ಣಲ್ಲಿ ನೀರು ಬಂತು. ಬದ್ರೋದ್ದೀನನಿಗೆ ಅದನ್ನು ನೋಡಲಾಗಲಿಲ್ಲ.

"ಮಾಸ್ತರ್ ಸಾಬ್, ಫಿಕರ್ ಮಾಡಬ್ಯಾಡ್ರಿ," ಎಂದವನೇ ಜನರಲ್ಲಿ ಮರೆಯಾದ.

ಓಟಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಮಾಸ್ತರರು ಕಣ್ಣೊರೆಸಿಕೊಂಡು ಜಾಕ್ ತೆಗೆದರು. ಬಲದ ಗಾಲಿಗಳನ್ನು ಎಡಕ್ಕೆ, ಎಡದವನ್ನು ಬಲಕ್ಕೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಗೆಣ್ಣು ತರಚಿತು, ಅಂಗಿ ಹರಿಯಿತು. ಇಷ್ಟು ದಿನ ಗಾಡಿಯ ಹತ್ತಿರ ಸುಳಿಯದ ಸುಜಾತಾ ಬಂದು ಸೆರಗು ಒಡ್ಡಿ ನಟ್ಟು ಹಿಡಿದಳು.

"ಅಂದ್ರ ಈ ಕಡಿ ಪರಾತ ಆ ಕಡಿಗಿ, ಹೌದಲ್ರಿ?"

"ಹೌದು, ಹೌದು!" ಮಾಸ್ತರರು ಪಾನಾ ಕೆಳಗಿಟ್ಟು ಅವಳನ್ನೇ ನೋಡಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳಿಗೆ ತಮ್ಮ ಲೆಕ್ಕ ಅರ್ಥವಾದದ್ದು ಇದೇ ಮೊದಲು. ಕೊನೆಯ ನಟ್ಟು ಬಿಗಿದಾಗ ಗೆದ್ದಷ್ಟೇ ಸಂತೋಷವಾಯಿತು.

ಆಗ ಮೈಕು ಮತ್ತೆ ಕರಕರ ಎಂದಿತು.

"ಕೇಳ್ರಿ! ಭಾಲ್ಕಿ ಮಾಸ್ತರ್ ಸಾಹೇಬ್ರು ಎಡಕ್ಕ ತಿರುಗೋ ಗಾಲಿ ಹಾಕ್ಕೊಂಡು ಬಂದು ಕಣ್ಣೀರು ಹಾಕ್ಲತ್ತಾರಂತ. ಬದ್ರೋದ್ದೀನ ಭಾಯಿ ನನ್ನ ಕೈಕಾಲು ಹಿಡದ. ದೇವ್ರ ಮ್ಯಾಲ ಹೂ ಇಟ್ಟು ಕೇಳಿದ್ವಿ. ಹೂ ಬಲಕ್ಕ ಬಿತ್ತು, ದೇವ್ರು ಒಪ್ಪಿದ. ಮಾಸ್ತರರ ಸಲುವಾಗಿ ಇವತ್ತ ಗಾಡಿಗೋಳೆಲ್ಲಾ ಎಡಕ್ಕ! ಹೊಡೀರಿ ಚಪ್ಪಾಳಿ!"

ಇಡೀ ಹೊಲ ಚಪ್ಪಾಳೆ ಹೊಡೆಯಿತು. ಬದ್ರೋದ್ದೀನ ಬೆವರು ಒರೆಸುತ್ತಾ ನಗುನಗುತ್ತಾ ಓಡಿ ಬಂದ. ಎಲ್ಲರೂ ತಮ್ಮನ್ನೇ ನೋಡುತ್ತಿದ್ದುದರಿಂದ ಮಾಸ್ತರರು ಮಸಿ ಹಿಡಿದ ಕೈ ಎತ್ತಿ ನಮಸ್ಕಾರ ಮಾಡಬೇಕಾಯಿತು. ಆಮೇಲೆ ಗೋರಖನಾಥನ ಬಳಿಗೆ ಓಡಿದರು.

"ಕಾಕಾ, ಮೊದಲಿನಂಗ ಬಲಕ್ಕ ಮಾಡ್ರಿ, ಕೈ ಮುಗೀತೇನಿ!"

"ಬೀರದೇವ್ರು ನಿಮ್ಮನಿ ಆಳೇನ್ರಿ, ತಾಸಿಗೊಮ್ಮಿ ಕೇಳಾಕ? ಹೋಗಿ ಗಾಡಿ ಹತ್ರಿ."

ಗಾಲಿ ಮತ್ತೆ ಬದಲಿಸಲು ಹೊತ್ತಿರಲಿಲ್ಲ. ಬಾವುಟ ಬಿತ್ತು. ಮೊದಲ ತಿರುವಿನಲ್ಲೇ ಕೆಂಪು ಕಾರು ಕಮಠಾಣಕ್ಕಿಂತ ಚೆನ್ನಾಗಿ ಬಲಕ್ಕೆ ವಾಲಿ, ಟ್ರ್ಯಾಕು ಬಿಟ್ಟು ನೇರ ಪಕ್ಕದ ತೊಗರಿ ಹೊಲಕ್ಕೆ ಹೋಗಿ ನಿಂತಿತು. ಮತ್ತೆ ಚಾಲೂ ಆಗಲಿಲ್ಲ. ಮಾಸ್ತರರು ಸ್ಟೇರಿಂಗಿಗೆ ಹಣೆಯಿಟ್ಟು, "ಅಪ್ಪಾ, ತಪ್ಪಾತು," ಎಂದರು.

ಸಂಜೆ ಔರಾದಿನಿಂದ ಗುಜರಿಯವನ ಟೆಂಪೋ ಬಂತು. ಬದ್ರೋದ್ದೀನ ತಲೆ ಎತ್ತಲಿಲ್ಲ. ಗುಜರಿಯವನು ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಗಾಲಿಗಳನ್ನು ನೋಡಿ ಲೊಚಗುಟ್ಟಿದ.

"ಎಡಕ್ಕ ಸುತ್ತೋ ಓಟದಾಗ ಗಾಲಿ ಉಲ್ಟಾ ಹಾಕೀರಲ್ರಿ ಸಾಹೇಬ್ರ? ಇಂಥಾದ್ದು ಮಾಡೋಕಿಂತ ಮೊದಲ ತಿಳದವ್ರಿಗಿ ಒಂದ್ಮಾತು ಕೇಳಬೇಕ್ರಿ."