ಜರ್ರ್ ಎನ್ನದ ಪೆಟ್ಟಿಗೆ

ಎಲೆಕ್ಟ್ರಿಕ್ ಗಿಟಾರಿಗೆ ಜೊತೆಗೊಂದು ಪೆಟ್ಟಿಗೆ ಬೇಕೇ ಬೇಕು ಎಂಬುದು ಅದನ್ನು ಕೊಂಡು ಮನೆಗೆ ತರುವವರೆಗೆ ನನಗೆ ಗೊತ್ತಿರಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪ್ರಪಂಚದಲ್ಲಿ ಯಾವುದೂ ಒಂಟಿಯಾಗಿ ಮನೆಗೆ ಬರುವುದಿಲ್ಲ. ಸೀಮೆಎಣ್ಣೆ ಸ್ಟವ್ ತಂದರೆ ಹಿಂದೆಯೇ ಪಿನ್ನು ಬರುತ್ತದೆ, ಸೈಕಲ್ ತಂದರೆ ಪಂಪು ಬರುತ್ತದೆ, ಅಳಿಯನನ್ನು ತಂದರೆ ಕೆಲಸ ಹುಡುಕುತ್ತಿರುವ ಅವನ ತಮ್ಮ ಬರುತ್ತಾನೆ. ಇಷ್ಟೆಲ್ಲ ತಿಳಿದವನಾದ ನಾನು, ಯಶವಂತಪುರದ ನಮ್ಮ ಕಾರ್ಖಾನೆಯಿಂದ ನಿವೃತ್ತರಾಗುತ್ತಿದ್ದ ಫೋರ್‌ಮನ್ ಒಬ್ಬರು "ತಗೊಳ್ರೀ, ನಿಮ್ಮ ಬೆರಳು ಉದ್ದ ಇದೆ" ಎಂದರೆಂಬ ಒಂದೇ ಕಾರಣಕ್ಕೆ ಅವರ ಕೆಂಪು ಗಿಟಾರನ್ನು ಕೊಂಡು, ಬಸ್ಸಿನಲ್ಲಿ ನಿಂತುಕೊಂಡೇ ಆರ್.ಟಿ. ನಗರದ ಬಾಡಿಗೆ ಮನೆಗೆ ಬಂದೆ. ತಂತಿ ಮೀಟಿದರೆ ಪರದೆಯೊಳಗೆ ಸಿಕ್ಕಿಬಿದ್ದ ಸೊಳ್ಳೆಯಷ್ಟು ಸದ್ದು. ನನ್ನ ಹೆಂಡತಿ ವಿಮಲಾ ಕಿವಿ ಕೊಟ್ಟು ಕೇಳಿ, "ಕೆಟ್ಟೋಗಿರೋದನ್ನ ಕೊಟ್ಟಿದಾರೆ ಅನ್ಸತ್ತೆ ಕಣ್ರೀ" ಎಂದಳು.

ಕೆಟ್ಟಿರಲಿಲ್ಲ. ಆಂಪ್ಲಿಫೈಯರ್ ಇರಲಿಲ್ಲ, ಅಷ್ಟೆ. ಅದು ತಿಳಿದ ಮೇಲೂ ಆರು ತಿಂಗಳು ಹಾಗೇ ನುಡಿಸಿದೆ. ನಿಜ ಹೇಳಬೇಕೆಂದರೆ ಅದು ನನ್ನ ಸಂಗೀತ ಜೀವನದ ಸುವರ್ಣಯುಗ. ಕೆಳಗಿನ ಮನೆಯ ಓನರ್ ಸಿಕ್ಕಿದಾಗಲೆಲ್ಲ, "ಸಂಗೀತ ಕಲೀತಿದೀರಂತೆ, ಒಂಚೂರೂ ತೊಂದರೆ ಇಲ್ಲಪ್ಪ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಯಾರಿಗೂ ಕೇಳಿಸದಿದ್ದುದರಿಂದ ನಾನು ಚೆನ್ನಾಗಿ ನುಡಿಸುತ್ತೇನೆ ಎಂಬ ಸುದ್ದಿ ಕಾರ್ಖಾನೆಯವರೆಗೂ ಹರಡಿತು.

ಸುದ್ದಿ ಸ್ಟೋರ್ಸ್ ಸೂಪರಿಂಟೆಂಡೆಂಟ್ ನಂಜುಂಡಪ್ಪನವರ ಕಿವಿಗೆ ಬಿದ್ದದ್ದೇ ಎಡವಟ್ಟಾಯಿತು. ಅವರು ಹಾರ್ಮೋನಿಯಂ ನುಡಿಸುವವರು. ಪ್ರತಿವರ್ಷ ನಮ್ಮ ಕಾರ್ಖಾನೆಯ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕಟ್ಟುವವರು. "ಈ ಸಲ ಗಿಟಾರ್‌ಗೆ ಒಬ್ರು ಬೇಕು. ಪೇಂಟ್ ಶಾಪಿನ ಪ್ರಭಾಕರನೂ ಕೇಳಿದಾನೆ. ಅಕ್ಟೋಬರ್ ಕೊನೇ ಭಾನುವಾರ ಕ್ಯಾಂಟೀನಿಗೆ ಬನ್ನಿ, ಇಬ್ರದ್ದೂ ಕೇಳೋಣ" ಎಂದರು. ನಾನು ಕೆಲಸ ಮಾಡುತ್ತಿದ್ದದ್ದು ಟೈಂ ಆಫೀಸಿನಲ್ಲಿ. ಹನ್ನೊಂದು ವರ್ಷದಿಂದ ಕಿಟಕಿಯ ಹಿಂದೆ ಕುಳಿತು ಬೇರೆಯವರ ಹಾಜರಿ ಹಾಕಿದ್ದೇ ಬಂತು. ಒಂದು ಸಲವಾದರೂ ವೇದಿಕೆ ಹತ್ತಿ ನನ್ನ ಹಾಜರಿಯನ್ನೂ ನಾಲ್ಕು ಜನರ ಮುಂದೆ ಹಾಕಿಸಿಕೊಳ್ಳಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಊಟ ಮಾಡುವಾಗಲೂ ಎಡಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಓಡಾಡುತ್ತಿದ್ದವು.

ಹೀಗೆ ಆಂಪ್ಲಿಫೈಯರ್ ಹುಡುಕಾಟ ಶುರುವಾಯಿತು. ಮೊದಲು ಕಂಟೋನ್ಮೆಂಟ್ ಕಡೆಯ ಒಂದು ದೊಡ್ಡ ಸಂಗೀತ ವಾದ್ಯಗಳ ಅಂಗಡಿಗೆ ಹೋದೆ. ಅಲ್ಲಿನವರು ಇಂಗ್ಲಿಷಿನಲ್ಲಿ ಎಷ್ಟು ವ್ಯಾಟ್, ಎಂಥ ಟೋನ್ ಎಂದೆಲ್ಲ ಕೇಳಿದರು. ಎಲ್ಲದಕ್ಕೂ ತಲೆಯಾಡಿಸಿದೆ. ಎಲ್ಲಕ್ಕೂ ಹೌದೆನ್ನುವವನು ಏನನ್ನೂ ಕೊಳ್ಳುವವನಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತೇನೋ, ನೀರು ಕೊಟ್ಟು ಕಳಿಸಿದರು. ಕೊನೆಗೆ ನಮ್ಮ ಬೀದಿಯ ತುದಿಯಲ್ಲೇ ಇದ್ದ ಬಾಬಾಜಾನ್ ಅವರ ಮೈಕ್ ಸೆಟ್ ಅಂಗಡಿಗೆ ಹೋದೆ. ಮದುವೆ, ಗಣೇಶ, ಉರುಸು, ಎಲೆಕ್ಷನ್ನು ಏನೇ ಇರಲಿ, ಆ ಸುತ್ತಿನಲ್ಲಿ ಕಟ್ಟುತ್ತಿದ್ದದ್ದು ಅವರದೇ ಹಾರ್ನು. ಹಳೆಯ ರೇಡಿಯೊ ಬಿಚ್ಚಿ ಆಂಪ್ಲಿಫೈಯರ್ ಮಾಡುವುದರಲ್ಲೂ ಪಳಗಿದ ಕೈ.

"ಎಲ್ಲಿವರೆಗೂ ಕೇಳ್ಬೇಕು ಸಾರ್? ಗಂಗಾನಗರಕ್ಕಾ, ಹೆಬ್ಬಾಳಕ್ಕಾ?" ಎಂದರು.

"ನನಗೆ ಕೇಳಿಸಿದರೆ ಸಾಕು. ಅಭ್ಯಾಸಕ್ಕೆ. ಪಕ್ಕದ ಮನೆಗೂ ಹೋಗಬಾರದು."

ಬಾಬಾಜಾನ್ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟರು. "ಇಪ್ಪತ್ ವರ್ಷ ಆಯ್ತು ಸಾರ್ ಅಂಗಡಿ ಇಟ್ಟು. ಸೌಂಡ್ ಸಾಕಾಗಿಲ್ಲ ಅಂತ ಜಗಳಕ್ಕೆ ಬಂದೋರು ಇದಾರೆ. ಸೌಂಡ್ ಕಮ್ಮಿ ಮಾಡ್ಕೊಡಿ ಅಂತ ಬಂದೋರು ನೀವೇ ಫಸ್ಟು." ಅವರಿಗೆ ನೋವಾಗಿತ್ತು. ಮೈಸೂರುಪಾಕು ಮಾಡುವವನ ಹತ್ತಿರ ಸಕ್ಕರೆ ಹಾಕದೆ ಮಾಡಿ ಎಂದಂತಾಗಿತ್ತು. ಆದರೂ ಒಳ್ಳೆಯ ಮನುಷ್ಯ. ಒಂದು ವಾರದಲ್ಲಿ ಮೂರು ಪೆಟ್ಟಿಗೆ ಸಿದ್ಧಮಾಡಿ, "ನುಡಿಸಿ ನೋಡಿ ಸಾರ್, ಯಾವುದು ಇಷ್ಟಾನೋ ತಗೊಳ್ಳಿ" ಎಂದರು. ಒಂದು ಹಳೆಯ ವಾಲ್ವ್ ರೇಡಿಯೊದ ಹೊಟ್ಟೆಯಲ್ಲಿ ಕಟ್ಟಿದ್ದು. ಇನ್ನೊಂದು ಹಾರ್ನಿಗೆ ಕೊಡುವಂಥ ತಗಡಿನ ಡಬ್ಬದ ತಮ್ಮ. ಮೂರನೆಯದು ಕಾರಿನ ಸ್ಪೀಕರ್ ಹಾಕಿದ ಪ್ಲೈವುಡ್ಡಿನ ಪುಟ್ಟ ಪೆಟ್ಟಿಗೆ.

ಇಲ್ಲಿ ಒಂದು ಮಾತು ಹೇಳಬೇಕು. ಗಿಟಾರಿನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಹೊರಡಿಸುವ, ಎಫ್ ಎಂಬ ಕಾರ್ಡ್ ಒಂದಿದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಡ್ಡ ಮಲಗಿಸಿ ಗಟ್ಟಿಯಾಗಿ ಒತ್ತಬೇಕು. ಉಳಿದ ಬೆರಳುಗಳು ಬೇರೆ ಕೆಲಸ ನೋಡಿಕೊಳ್ಳಬೇಕು. ಅದನ್ನು ಕಂಡುಹಿಡಿದವನಿಗೆ ಮನುಷ್ಯರ ಕೈ ಹೇಗಿರುತ್ತದೆಂದು ಯಾರೂ ತೋರಿಸಿರಲಿಲ್ಲ. ನಾನು ಅಂದು ರೇಡಿಯೊ ಪೆಟ್ಟಿಗೆಗೆ ಗಿಟಾರಿನ ವೈರು ಸಿಕ್ಕಿಸಿ ನುಡಿಸಿದೆ. ಎಲ್ಲ ಚೆನ್ನಾಗಿತ್ತು, ಎಫ್ ಬಂದಾಗ ಮಾತ್ರ ಜರ್ರ್ ಎಂದಿತು. "ಒಳಗೇನೋ ಸಡಿಲ ಆಗಿದೆ" ಎಂದೆ. ತಗಡಿನ ಡಬ್ಬಕ್ಕೆ ಹಾಕಿದೆ. ಅದೂ ಎಫ್ ಬಂದಾಗ ಜರ್ರ್. ಪ್ಲೈವುಡ್ಡಿನದೂ ಜರ್ರ್. ನಾನು ಸಂಗೀತ ಬಲ್ಲವನ ಗತ್ತಿನಲ್ಲಿ, "ಮೂರೂ ಸರಿಯಿಲ್ಲ ಬಾಬಾಜಾನ್" ಎಂದುಬಿಟ್ಟೆ.

ಪಾಪ, ಮೂರು ವಾರ ಆ ಮನುಷ್ಯ ನಿದ್ದೆಗೆಟ್ಟರು. ಸ್ಪೀಕರ್ ಬದಲಾಯಿಸಿದರು, ಕಂಡೆನ್ಸರ್ ಬದಲಾಯಿಸಿದರು, ಪ್ಲೈವುಡ್ಡಿನ ಸಂದುಗಳಿಗೆಲ್ಲ ಅಂಟು ಮೆತ್ತಿದರು. ನಾನು ಸಂಜೆ ಕಾರ್ಖಾನೆಯಿಂದ ಬಂದವನೇ ಅಂಗಡಿಗೆ ಹೋಗುವುದು, ಎಫ್ ಒತ್ತುವುದು, ಜರ್ರ್ ಕೇಳಿ ಬೇಸರದಿಂದ ತಲೆಯಾಡಿಸುವುದು. ಮನೆಯಲ್ಲಿ ಈ ಮೈಕ್ ಸೆಟ್ಟಿನವರ ಕೆಲಸವೇ ಇಷ್ಟು ಎಂದು ಗೊಣಗಿದೆ. ವಿಮಲಾ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ನಾನೇನೂ ಗಾದೆ ಹೇಳಲ್ಲಪ್ಪ. ಕುಣಿಯೋರಿಗೂ ಗೊತ್ತು, ನೆಲಕ್ಕೂ ಗೊತ್ತು" ಎಂದಳು. ನನಗೆ ಅರ್ಥವಾಗಲಿಲ್ಲವೆಂದಲ್ಲ. ಅರ್ಥವಾಗದವನಂತೆ ಸ್ನಾನಕ್ಕೆ ಎದ್ದುಹೋದೆ.

ಕೊನೆಗೆ ಬಾಬಾಜಾನ್ ಒಂದು ಸಂಜೆ ಪೆಟ್ಟಿಗೆಗೆ ಹೋಗುವ ವೈರಿನ ಪಿನ್ನನ್ನೇ ಗಿಟಾರಿನಿಂದ ಕಿತ್ತು ಪಕ್ಕಕ್ಕಿಟ್ಟು, "ಈಗ ನುಡಿಸಿ ಸಾರ್" ಎಂದು ಬಗ್ಗಿ ಗಿಟಾರಿನ ಮರಕ್ಕೆ ಕಿವಿ ಹಚ್ಚಿದರು. ಎಫ್ ಒತ್ತಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದರು: "ಸಾರ್, ತಪ್ಪು ತಿಳ್ಕೋಬೇಡಿ. ಆ ಸೌಂಡು ನನ್ ಪೆಟ್ಟಿಗೆಗೆ ಬರೋ ಮುಂಚೇನೇ ಇಲ್ಲಿದೆ. ಬೆರಳು ಪೂರ್ತಿ ಕೂತಿಲ್ಲ, ತಂತಿ ಅದುರ್ತದೆ."

ಅಷ್ಟು ದಿನ ಅವರಿಂದ ಅಂಟು ಮೆತ್ತಿಸಿದ್ದಕ್ಕೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಯಾವುದನ್ನು ತೆಗೆದುಕೊಳ್ಳಲಿ ಎಂದು ಅವರನ್ನೇ ಕೇಳಿದೆ. "ರೇಡಿಯೊ ಪೆಟ್ಟಿಗೆ ಎಲ್ಲಾನೂ ಮೆತ್ತಗೆ ಮಾಡ್ತದೆ, ತಪ್ಪು ಮುಚ್ಚಿಹೋಗ್ತದೆ. ಪ್ಲೈವುಡ್ಡಿಂದು ಸುಳ್ಳು ಹೇಳಲ್ಲ ಸಾರ್. ಕಲಿಯೋರಿಗೆ ಅದೇ ಸರಿ" ಎಂದರು. ಅದನ್ನೇ ತಂದೆ. ಸತ್ಯದ ಮೇಲಿನ ಪ್ರೀತಿಯಿಂದ ಎಂದು ಬರೆದುಕೊಳ್ಳಲು ಆಸೆಯಿದೆ. ಆದರೆ ಮಂಚದ ಕೆಳಗೆ ಹಿಡಿಸುತ್ತಿದ್ದದ್ದು ಅದೊಂದೇ.

ಭಾನುವಾರ ಬಂತು. ಉಳಿದ ದಿನಗಳಲ್ಲಿ ಬೆರಳಿನ ತುದಿ ಒರಟಾಗುವಷ್ಟು ಒತ್ತಿದ್ದೆ. ಮನೆಯಲ್ಲಿ ಎಫ್ ಒಮ್ಮೊಮ್ಮೆ ನಿಜವಾಗಿಯೂ ಬರುತ್ತಿತ್ತು. ತಮ್ಮ ಪೆಟ್ಟಿಗೆಯಲ್ಲಿ ಗಿಟಾರು ಹೇಗೆ ಕೇಳಿಸುತ್ತದೆ ನೋಡಬೇಕೆಂದು ಬಾಬಾಜಾನ್ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಪೆಟ್ಟಿಗೆಯನ್ನು ತಾವೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಕ್ಯಾಂಟೀನಿನಲ್ಲಿ ತಬಲಾದವರು, ಡ್ರಮ್ಮಿನವರು, ಪ್ರಭಾಕರ ಎಲ್ಲ ಕೂತಿದ್ದರು. ನುಡಿಸಿದೆ. ಚೆನ್ನಾಗಿಯೇ ಹೋಗುತ್ತಿತ್ತು. ಎಫ್ ಬಂತು. ಜರ್ರ್.

ಆಗ ಒಂದು ವಿಚಿತ್ರ ನಡೆಯಿತು. ಅಲ್ಲಿದ್ದ ಅಷ್ಟೂ ಕಲಾವಿದರು ನನ್ನನ್ನು ನೋಡಲಿಲ್ಲ; ಒಟ್ಟಿಗೆ ಪೆಟ್ಟಿಗೆಯನ್ನು ನೋಡಿದರು. ನಂಜುಂಡಪ್ಪನವರು, "ಕೈ ಚೆನ್ನಾಗಿದೆ ಕಣ್ರೀ. ಆ ಡಬ್ಬ ಯಾರು ಮಾಡಿದ್ದು? ಬೇರೆ ಆಂಪ್ಲಿಫೈಯರ್ ತಂದುಬಿಡಿ, ನಿಮ್ಮನ್ನೇ ಹಾಕ್ಕೊಳ್ಳೋಣ" ಎಂದರು. ಹನ್ನೊಂದು ವರ್ಷ ಕಾದ ಮಾತು! ಹೂಂ ಎಂದರೆ ಮುಗಿಯಿತು. ಬಾಬಾಜಾನ್ ಬಗ್ಗಿ, ಕರ್ಚೀಫಿನಿಂದ ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಿದ್ದರು. ಅದರ ಮೇಲೆ ಧೂಳೇ ಇರಲಿಲ್ಲ.

"ಡಬ್ಬ ಸರಿಯಾಗಿದೆ ಸಾರ್. ನನ್ನ ಬೆರಳು ಸರಿಯಾಗಿಲ್ಲ" ಎಂದೆ. ಹೇಳಿದ ಮರುಕ್ಷಣವೇ ಯಾಕಾದರೂ ಹೇಳಿದೆನೋ ಎನಿಸಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ನಂಜುಂಡಪ್ಪನವರು ನಂಬಲಿಲ್ಲ. ಪರೀಕ್ಷೆ ಮಾಡಲು ನನ್ನ ಗಿಟಾರನ್ನೇ ಪ್ರಭಾಕರನ ಕೈಗೆ ಕೊಟ್ಟರು. ಅವನು ಎಫ್ ಒತ್ತಿದ. ಗಂಟೆಯ ಹಾಗೆ ಕೇಳಿಸಿತು. ಬಾಬಾಜಾನ್ ಮುಖ ಊರಗಲವಾಯಿತು. "ಅರೇ, ಒಳ್ಳೇ ಸೆಟ್ಟು ಕಣ್ರೀ ಇದು!" ಎಂದರು ನಂಜುಂಡಪ್ಪನವರು. ಪ್ರಭಾಕರನ ಹತ್ತಿರ ಇದ್ದದ್ದು ಬಿರುಕುಬಿಟ್ಟ ಮಾಮೂಲಿ ಗಿಟಾರು. ಹೀಗಾಗಿ ಆ ವರ್ಷದ ಆರ್ಕೆಸ್ಟ್ರಾಗೆ ಪ್ರಭಾಕರ, ನನ್ನ ಗಿಟಾರು ಮತ್ತು ನನ್ನ ಆಂಪ್ಲಿಫೈಯರ್ ಒಮ್ಮತದಿಂದ ಆಯ್ಕೆಯಾದರು.

ರಾಜ್ಯೋತ್ಸವದ ಸಂಜೆ ನಾನೂ ವಿಮಲಾಳೂ ಮುಂದಿನ ಸಾಲಿನಲ್ಲೇ ಕೂತಿದ್ದೆವು. ಬೇಜಾರಿಲ್ಲ ಎಂದು ಅವಳಿಗೆ ಮೂರು ಸಲ ಹೇಳಿದ್ದೆ. ವೇದಿಕೆಯ ಮೇಲೆ ಪ್ಲೈವುಡ್ಡಿನ ಪೆಟ್ಟಿಗೆಗೆ ಯಾರೋ ಒಂದು ಚೆಂಡುಹೂವು ಸಿಕ್ಕಿಸಿದ್ದರು. ಹಾಡು ಶುರುವಾಯಿತು. ಎಫ್ ಹತ್ತಿರವಾದಾಗಲೆಲ್ಲ ನನ್ನ ಉಸಿರು ನಿಲ್ಲುತ್ತಿತ್ತು. ಪ್ರತಿ ಸಲವೂ ಅದು ಕೂದಲೆಳೆಯಷ್ಟೂ ಜರ್ರ್ ಎನ್ನದೆ ದಾಟಿಹೋಗುತ್ತಿತ್ತು. ಮೂರನೆಯ ಸಲ ದಾಟಿದಾಗ ವಿಮಲಾ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಕೈ ಬಿಡ್ರೀ, ನೋಯ್ತಿದೆ" ಎಂದಳು. ನೋಡಿದರೆ ಅವಳ ಮಣಿಕಟ್ಟನ್ನು ನನ್ನ ಎಡಗೈ ಬಿಗಿಯಾಗಿ ಹಿಡಿದಿತ್ತು. ತೋರುಬೆರಳು ಅಡ್ಡಡ್ಡ ಮಲಗಿತ್ತು. "ಆವತ್ತು ಕ್ಯಾಂಟೀನಲ್ಲಿ ಇಷ್ಟು ಗಟ್ಟಿಯಾಗಿ ಒತ್ತಿದ್ದಿದ್ರೆ, ಇವತ್ತು ಅಲ್ಲಿ ಕೂತಿರ್ತಿದ್ರಿ."